ಓದುಗರ ಪ್ರಶ್ನೆಗಳು: ಹುಳು ತಿಂದರೂ ಸವೆಯದ ಸೊಪ್ಪು

ನಾವು ಬರೆದ ನಾಲ್ಕು ಸಾಲಿನಿಂದ ವಿಡಿಯೊ ತಯಾರಿಸಿಕೊಡುವ ಕೃತಕ ಬುದ್ಧಿಮತ್ತೆಯ ಉಪಕರಣಗಳ ಬಗ್ಗೆ ಈಚೆಗೆ ಪತ್ರಗಳು ಹೆಚ್ಚುತ್ತಿವೆ. ಅವುಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಪತ್ರ ಬರೆದವರಲ್ಲಿ ಕೆಲವರು ಹೆಸರು ಬೇಡವೆಂದು ಕೋರಿರುವುದರಿಂದ ಎಲ್ಲರ ಹೆಸರನ್ನೂ ಬಿಟ್ಟಿದ್ದೇವೆ.

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ರೇಷ್ಮೆ ಹುಳುವಿನ ಜೀವನಚಕ್ರವನ್ನು ಮಕ್ಕಳಿಗೆ ತೋರಿಸೋಣವೆಂದು ಇಂಥ ಉಪಕರಣವೊಂದಕ್ಕೆ ಒಂದು ತಿಂಗಳ ಹಣ ಕಟ್ಟಿ ಹನ್ನೊಂದು ತುಣುಕುಗಳನ್ನು ಮಾಡಿಸಿದೆ. ನೋಡಲು ಬಹಳ ಸೊಗಸಾಗಿದ್ದವು. ಆದರೆ ತರಗತಿಯಲ್ಲಿ ಹಾಕಿದ ಮೊದಲ ದಿನವೇ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮಿಸ್, ಇದು ನಮ್ಮನೆ ಹುಳ ಅಲ್ಲ" ಎಂದ. ವಿಡಿಯೊದಲ್ಲಿ ಗೂಡೊಡೆದು ನೀಲಿ ರೆಕ್ಕೆಯ ಚಿಟ್ಟೆಯೊಂದು ಹಾರಿಹೋಗಿತ್ತು. ನಾನು ಬರೆದದ್ದು ತಪ್ಪಾಯಿತೆ, ಅಥವಾ ಉಪಕರಣವೇ ಹಾಗೆಯೆ? ಸರಿಪಡಿಸಿಕೊಳ್ಳುವ ದಾರಿ ಇದೆಯೆ?

ಉತ್ತರ: ಆ ಹುಡುಗನಿಗೆ ನನ್ನ ಪರವಾಗಿ ಶಹಬ್ಬಾಸ್ ಹೇಳಿ. ರೇಷ್ಮೆ ಪತಂಗ ಕೆನೆಬಣ್ಣದ್ದು, ದಪ್ಪ ಮೈಯದು. ರೆಕ್ಕೆಯಿದ್ದರೂ ಹಾರಲಾರದು, ಗೂಡಿನಿಂದ ಬಂದ ಮೇಲೆ ಏನನ್ನೂ ತಿನ್ನದು, ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಇದು ತಮಗೂ ಗೊತ್ತು, ತಮ್ಮ ವಿದ್ಯಾರ್ಥಿಗಳಿಗೆ ತಮಗಿಂತ ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು ಉಪಕರಣಕ್ಕೆ ಮಾತ್ರ.

ಅದು ಏಕೆ ಹಾಗೆ ಮಾಡಿತು ಎಂಬುದು ಅದು ಕೆಲಸ ಮಾಡುವ ರೀತಿಯಲ್ಲೇ ಇದೆ. ತರಬೇತಿಯ ಕಾಲದಲ್ಲಿ ಅದಕ್ಕೆ ಲೆಕ್ಕವಿಲ್ಲದಷ್ಟು ವಿಡಿಯೊ ತುಣುಕುಗಳನ್ನು ಅವುಗಳ ವಿವರಣೆಯೊಂದಿಗೆ ಕೊಡುತ್ತಾರೆ. ಪ್ರತಿ ತುಣುಕಿನ ಮೇಲೂ, ಹಳೆಯ ಟಿವಿಯಲ್ಲಿ ಸಿಗ್ನಲ್ ಹೋದಾಗ ಕಾಣುತ್ತಿದ್ದಂಥ ಚುಕ್ಕೆಗಳನ್ನು ಸುರಿದು, ಆ ಚುಕ್ಕೆಗಳನ್ನು ಸ್ವಲ್ಪಸ್ವಲ್ಪವಾಗಿ ಒರೆಸಿ ಮೂಲದ ಚಿತ್ರಕ್ಕೆ ಹಿಂದಿರುಗುವುದನ್ನು ಕಲಿಸುತ್ತಾರೆ. ನಾವು ವಾಕ್ಯವೊಂದನ್ನು ಬರೆದು ಕೊಟ್ಟಾಗ ಅದು ಬರೀ ಚುಕ್ಕೆಗಳಿಂದಲೇ ಆರಂಭಿಸಿ, ನಮ್ಮ ಪದಗಳಿಗೆ ಹೊಂದುವಂತೆ ಒರೆಸುತ್ತ ಹೋಗುತ್ತದೆ. ನಂದಿ ಬೆಟ್ಟದ ಮೇಲೆ ಬೆಳಗಿನ ಮಂಜು ಕರಗುವಾಗ ಮೊದಲು ಗುಡ್ಡದ ಅಂಚು, ಆಮೇಲೆ ಮರ, ಕೊನೆಗೆ ಎಲೆ ಕಾಣುವ ಹಾಗೆಯೇ ಇದೂ ಎನ್ನಬಹುದು. ಒಂದೇ ವ್ಯತ್ಯಾಸವೆಂದರೆ, ನಂದಿಯಲ್ಲಿ ಮಂಜಿನ ಹಿಂದೆ ನಿಜವಾಗಿಯೂ ಗುಡ್ಡವಿರುತ್ತದೆ. ಇಲ್ಲಿ ಹಿಂದೆ ಏನೂ ಇಲ್ಲ. ಏನಿರಬಹುದೆಂದು ಉಪಕರಣ ಊಹಿಸುತ್ತದೆ, ಮತ್ತು ತಾನು ಹೆಚ್ಚು ಸಲ ಕಂಡದ್ದನ್ನೇ ಊಹಿಸುತ್ತದೆ. ಗೂಡಿನಿಂದ ಹೊರಬರುವ ಕೀಟವೆಂದರೆ ಜಗತ್ತಿನ ಕ್ಯಾಮೆರಾಗಳು ಮುಗಿಬಿದ್ದು ಚಿತ್ರಿಸಿರುವುದು ಬಣ್ಣದ ಚಿಟ್ಟೆಯನ್ನೇ ಹೊರತು ನಮ್ಮ ಹಾರಲಾರದ ಪತಂಗವನ್ನಲ್ಲ.

ತಮ್ಮ ಪತ್ರ ಬಂದ ಮೇಲೆ ನಾನೂ ಒಂದು ಭಾನುವಾರವಿಡೀ ಕುಳಿತು ಪ್ರಯತ್ನಿಸಿದೆ. "ರೇಷ್ಮೆ ಹುಳುಗಳು ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿರುವುದು, ಹತ್ತಿರದ ನೋಟ" ಎಂದು ಕೊಟ್ಟಾಗ ಎಂಟು ಸೆಕೆಂಡಿನ ತುಣುಕೊಂದು ಬಂತು. ಎಲೆಯ ನರಗಳು, ಅದರ ಮೇಲಿನ ತೇವ, ಹುಳುವಿನ ಮೈಯ ಮಡಿಕೆ ಎಲ್ಲವೂ ಮುಟ್ಟಿ ನೋಡುವಷ್ಟು ನಿಜವಾಗಿದ್ದವು. ಹುಳು ತಲೆಯನ್ನು ಮೇಲಿಂದ ಕೆಳಗೆ ಆಡಿಸುತ್ತ ಎಲೆಯ ಅಂಚನ್ನು ಕಡಿಯುತ್ತಿತ್ತು, ಆದರೆ ಅಂಚು ಇದ್ದ ಹಾಗೇ ಇತ್ತು. ಮೂರು ಸಲ ನೋಡಿದ ಮೇಲೆಯೇ ನನಗದು ಹೊಳೆದದ್ದು. ಹಳ್ಳಿಯಲ್ಲಿ ಹುಳು ಮೇಯಿಸುವ ನನ್ನ ಅಕ್ಕನಿಗೆ ಕಳಿಸಿದೆ. ಆಕೆ ಒಂದೇ ಸಲ ನೋಡಿ, "ಈ ಜಾತಿ ಹುಳದ್ದು ನಂಗೂ ನೂರು ಮೊಟ್ಟೆ ತಂದ್ಕೊಡಪ್ಪ, ಸೊಪ್ಪೇ ಖರ್ಚಾಗಲ್ಲ" ಎಂದಳು. ಓಪನ್‌ಎಐ ಕಂಪನಿಯು 2024ರ ಫೆಬ್ರವರಿಯಲ್ಲಿ 'ಸೋರಾ' ಎಂಬ ತನ್ನ ಉಪಕರಣವನ್ನು ಮೊದಲ ಬಾರಿಗೆ ಪ್ರದರ್ಶಿಸಿದಾಗ ಇದೇ ಬಗೆಯ ಕೊರತೆಯನ್ನು ತಾನಾಗಿಯೇ ಒಪ್ಪಿಕೊಂಡಿತ್ತು: ವಿಡಿಯೊದಲ್ಲಿ ವ್ಯಕ್ತಿಯೊಬ್ಬ ಬಿಸ್ಕತ್ತು ಕಚ್ಚಿದ ಮೇಲೂ ಬಿಸ್ಕತ್ತಿನಲ್ಲಿ ಕಚ್ಚಿದ ಗುರುತು ಇಲ್ಲದಿರಬಹುದು ಎಂದು ಅದು ಹೇಳಿತ್ತು. ಅಲ್ಲಿಂದೀಚೆಗೆ ಉಪಕರಣಗಳು ಬಹಳ ಸುಧಾರಿಸಿವೆಯಾದರೂ, ಒಂದು ಕೆಲಸ ನಡೆದ ಮೇಲೆ ವಸ್ತುವಿನಲ್ಲಿ ಏನು ಬದಲಾಗಬೇಕು ಎಂಬಲ್ಲಿ ಅವು ಈಗಲೂ ಎಡವುತ್ತವೆ.

ಇನ್ನು ಚಂದ್ರಿಕೆಯ, ಅಂದರೆ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಾಪೆಯ ಕಥೆ. ಮೇವು ಮುಗಿಸಿ ಗೂಡು ಕಟ್ಟಲು ಸಿದ್ಧವಾದ ಹುಳುಗಳಿಗೆ ನಮ್ಮಲ್ಲಿ ಹಣ್ಣುಹುಳು ಎನ್ನುತ್ತಾರೆ. "ಬಿದಿರಿನ ಚಂದ್ರಿಕೆಯ ಮೇಲೆ ಹಣ್ಣುಹುಳುಗಳು" ಎಂದು ಬರೆದರೆ ಅರ್ಧಚಂದ್ರದ ಆಕಾರದ ಬುಟ್ಟಿಯೊಂದರಲ್ಲಿ ಮಾವಿನಹಣ್ಣುಗಳ ನಡುವೆ ಹರಿದಾಡುವ ಹುಳುಗಳು ಬಂದವು. ಮಾವಿಗೆ ಹೆಸರಾದ ಶ್ರೀನಿವಾಸಪುರದವರು ನೋಡಿದ್ದರೆ ಬೇಸರಪಟ್ಟುಕೊಳ್ಳುತ್ತಿದ್ದರು. ಹೆಸರನ್ನು ಬಿಟ್ಟು ಆಕಾರವನ್ನು ಹೇಳಬೇಕೆಂಬುದನ್ನು ನಾನು ಕಲಿತದ್ದು ಅಲ್ಲಿಂದಲೇ. "ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಬಿದಿರಿನ ಚಾಪೆ, ಅದರ ಮೇಲೆ ಎರಡು ಅಂಗುಲ ಎತ್ತರದ ಬಿದಿರಿನ ಪಟ್ಟಿಯನ್ನು ನಡುವಿನಿಂದ ಅಂಚಿನವರೆಗೆ ಸುರುಳಿಯಾಗಿ ನಿಲ್ಲಿಸಲಾಗಿದೆ, ಸುರುಳಿಯ ಸಂದುಗಳಲ್ಲಿ ಹಳದಿ ಬಣ್ಣದ ಗೂಡುಗಳಿವೆ, ಚಾಪೆಯನ್ನು ಹೆಂಚಿನ ಮನೆಯ ಗೋಡೆಗೆ ಒರಗಿಸಿದೆ" ಎಂದು ಬರೆದಾಗ, ನಾಲ್ಕನೆಯ ಪ್ರಯತ್ನದಲ್ಲಿ, ದೂರದಿಂದ ಚಂದ್ರಿಕೆಯೆನ್ನಬಹುದಾದದ್ದು ಸಿಕ್ಕಿತು. ಹಳದಿ ಎಂದು ಹೇಳದಿದ್ದರೆ ಗೂಡು ಬೆಳ್ಳಗೇ ಬರುತ್ತದೆ. ನಮ್ಮ ಮಾರುಕಟ್ಟೆಯ ಮಿಶ್ರತಳಿ ಗೂಡಿನ ಬಣ್ಣ ಅದಕ್ಕೆ ತಾನಾಗಿ ತೋಚುವುದಿಲ್ಲ. "ಚಿಟ್ಟೆ ಬೇಡ" ಎಂದು ಬರೆಯುವುದೂ ಅಪಾಯವೇ, ಏಕೆಂದರೆ ಬೇಡವೆಂದು ಹೆಸರಿಸಿದ ವಸ್ತುವೇ ಹಲವು ಸಲ ಬಂದು ಕೂರುತ್ತದೆ. ಬೇಕಾದದ್ದನ್ನು ಮಾತ್ರ ಬರೆಯಿರಿ.

ಇದಕ್ಕಿಂತ ಒಳ್ಳೆಯ ದಾರಿಯೂ ಒಂದಿದೆ. ಈಗಿನ ಉಪಕರಣಗಳಲ್ಲಿ ಬಹುಪಾಲು ಬರಹದ ಜೊತೆಗೆ ಒಂದು ಚಿತ್ರವನ್ನೂ ಸ್ವೀಕರಿಸಿ, ಆ ಚಿತ್ರವನ್ನೇ ಮೊದಲ ಚೌಕಟ್ಟನ್ನಾಗಿಸಿಕೊಂಡು ಮುಂದಿನ ಚಲನೆಯನ್ನು ಹೆಣೆಯುತ್ತವೆ. ಯಾವುದಾದರೂ ವಿದ್ಯಾರ್ಥಿಯ ಮನೆಯ ಚಂದ್ರಿಕೆಯದೋ ಅದರ ಬದಲು ಬಳಸುವ ಪ್ಲಾಸ್ಟಿಕ್ ನೇತ್ರಿಕೆಯದೋ ಫೋಟೊ ತೆಗೆದು ಕೊಟ್ಟು, ಒಂದೇ ಒಂದು ಚಲನೆಯನ್ನು ಕೇಳಿ. ಉದಾಹರಣೆಗೆ, ಕ್ಯಾಮೆರಾ ನಿಧಾನವಾಗಿ ಹತ್ತಿರ ಸರಿಯಲಿ ಎಂದು. ಸೆಕೆಂಡಿಗೆ 24 ಚೌಕಟ್ಟಿನಂತೆ ಎಂಟು ಸೆಕೆಂಡಿಗೆ 192 ಚಿತ್ರಗಳಾಗುತ್ತವೆ. ಒಂದೇ ವಸ್ತು 192 ಚಿತ್ರಗಳಲ್ಲೂ ತನ್ನ ಆಕಾರ ಕೆಡಿಸಿಕೊಳ್ಳದೆ ಉಳಿಯುವುದೇ ಈ ಉಪಕರಣಗಳಿಗೆ ಕಷ್ಟದ ಕೆಲಸವಾಗಿರುವಾಗ, ಅದೇ ಎಂಟು ಸೆಕೆಂಡಿನಲ್ಲಿ ಹುಳು ತಿನ್ನಬೇಕು, ಪೊರೆ ಕಳಚಬೇಕು, ಗೂಡು ಕಟ್ಟಬೇಕು ಎಂದರೆ ಕೊನೆಗೆ ಸಿಗುವುದು ಹುಳುವೂ ಅಲ್ಲದ ಗೂಡೂ ಅಲ್ಲದ ಮುದ್ದೆ.

ಇಷ್ಟೆಲ್ಲ ಹೇಳಿದ ಮೇಲೆಯೂ, ಜೀವನಚಕ್ರದ ಪಾಠಕ್ಕೆ ಈ ಉಪಕರಣವನ್ನು ಬಳಸಬೇಡಿ ಎಂಬುದೇ ನನ್ನ ಸಲಹೆ. ಶಿಡ್ಲಘಟ್ಟದಲ್ಲಿ ಕುಳಿತು ಹುಳುವಿನ ಚಿತ್ರವನ್ನು ಯಂತ್ರದಿಂದ ಊಹಿಸಿಸುವುದು, ಮನೆ ಮುಂದೆ ಬಾವಿಯಿಟ್ಟುಕೊಂಡು ಟ್ಯಾಂಕರ್ ನೀರಿಗೆ ಹೇಳಿಕಳಿಸಿದಂತೆ. ಮೊಟ್ಟೆಯೊಡೆದು ಬಂದ ಹುಳು ನಾಲ್ಕು ಜ್ವರ (ಪೊರೆ ಕಳಚುವ ಮುನ್ನ ಮೇವು ಬಿಟ್ಟು ಕೂರುವ ಅವಧಿ) ಕಳೆದು ಗೂಡಿಗೆ ಏರಲು ಹೆಚ್ಚುಕಡಿಮೆ 25 ದಿನ ಬೇಕು. ಇದನ್ನೆಲ್ಲ ಸೆರೆಹಿಡಿಯಲು ಶಾಲೆಯಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ಫೋನೊಂದು ಸಾಕು. ಗೂಡು ಕಟ್ಟುವ ಎರಡು ದಿನಗಳ ಕಾಲ ಫೋನನ್ನು ಚಾರ್ಜರಿಗೆ ಸಿಕ್ಕಿಸಿ, ಅಲುಗಾಡದಂತೆ ನಿಲ್ಲಿಸಿ, ಐದು ನಿಮಿಷಕ್ಕೊಂದು ಫೋಟೊ ಬೀಳುವ ಹಾಗೆ ಹೊಂದಿಸಿದರೆ 48 ಗಂಟೆಗೆ 576 ಫೋಟೊಗಳಾಗುತ್ತವೆ, ಅವನ್ನು ಜೋಡಿಸಿದರೆ 24 ಸೆಕೆಂಡಿನ ವಿಡಿಯೊ. ಹುಳು ತಲೆಯನ್ನು ಎಂಟರ ಅಂಕಿಯಂತೆ ಆಡಿಸುತ್ತ ಒಂದೇ ಎಳೆಯನ್ನು ಸುತ್ತಿಕೊಳ್ಳುವುದನ್ನೂ ಮಕ್ಕಳು ನೋಡಬೇಕೆಂದಿದ್ದರೆ, ಮೊದಲ ದಿನ ಗೂಡಿನ್ನೂ ತೆಳುವಾಗಿರುವಾಗ ಒಂದು ನಿಮಿಷದ ಸಾಮಾನ್ಯ ವಿಡಿಯೊವನ್ನೂ ತೆಗೆದಿಟ್ಟುಕೊಳ್ಳಿ. ದೀಪವನ್ನು ಒಂದೇ ಪಕ್ಕದಿಂದ ಬಿಡಬೇಡಿ. ಹಣ್ಣುಹುಳುಗಳು ನೆರಳಿನ ಕಡೆಗೆ ಸರಿದು ಒತ್ತೊತ್ತಾಗಿ ಸೇರಿಕೊಂಡು, ಎರಡು ಹುಳು ಒಂದರಲ್ಲೇ ಇರುವ ಜೋಡಿಗೂಡು ಕಟ್ಟಿಬಿಡುತ್ತವೆ, ಹುಳುವಿನ ಮನೆಯವರು ತಮ್ಮನ್ನು ಬೈದುಕೊಳ್ಳುತ್ತಾರೆ.

ಕಟ್ಟಿದ ಹಣ ವ್ಯರ್ಥವಾಗಬಾರದೆಂದಿದ್ದರೆ ಅದೇ ಪಾಠದ ಆರಂಭಕ್ಕೆ ಉಪಕರಣವನ್ನು ಬಳಸಿ. ಚೀನಾದ ರಾಣಿ ಲೈಜು ಮರದಡಿ ಕುಳಿತು ಚಹಾ ಕುಡಿಯುತ್ತಿದ್ದಾಗ ಬಟ್ಟಲಿಗೆ ಗೂಡೊಂದು ಬಿದ್ದು, ಬಿಸಿನೀರಿಗೆ ಅದರ ಎಳೆ ಬಿಚ್ಚಿಕೊಂಡಿತೆಂಬ ದಂತಕಥೆ ಇದೆಯಲ್ಲ, ಅದನ್ನು ಯಾರೂ ಕ್ಯಾಮೆರಾದಲ್ಲಿ ಹಿಡಿದಿಲ್ಲ, ಹಿಡಿಯುವುದೂ ಸಾಧ್ಯವಿಲ್ಲ. ಅದು ಕಥೆಯೆಂದು ಎಲ್ಲರಿಗೂ ಗೊತ್ತಿರುವುದರಿಂದ ಅಲ್ಲಿ ಯಂತ್ರದ ಊಹೆಯಿಂದ ಯಾರಿಗೂ ತೊಂದರೆಯಿಲ್ಲ. ಚೀನಾದ ಅರಮನೆ, ಪಿಂಗಾಣಿ ಬಟ್ಟಲು, ಹಬೆ ಇವನ್ನೆಲ್ಲ ಅದು ಬೇಕಾದಷ್ಟು ಸಲ ಕಂಡೂ ಇರುತ್ತದೆ.

ಪ್ರಶ್ನೆ: ಗೌರಿಬಿದನೂರಿನಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಅಂಗಡಿಯ ಪ್ರಚಾರಕ್ಕೆ ಅರ್ಧ ನಿಮಿಷದ ವಿಡಿಯೊ ಮಾಡಬೇಕೆಂದಿದ್ದೇನೆ. ಕನ್ನಡದಲ್ಲೇ ಬರೆದುಕೊಟ್ಟರೆ ಉಪಕರಣಕ್ಕೆ ಅರ್ಥವಾಗುತ್ತದೆಯೆ? ಅಂಗಡಿಯ ಬೋರ್ಡಿನ ಮೇಲೆ ನಮ್ಮ ಹೆಸರು ಕನ್ನಡದಲ್ಲಿ ಬರುತ್ತದೆಯೆ? ವಿಡಿಯೊದಲ್ಲಿರುವ ರೈತ ಕನ್ನಡ ಮಾತಾಡುತ್ತಾನೆಯೆ?

ಉತ್ತರ: ಅರ್ಥವಾಗುತ್ತದೆ, ಪುಸ್ತಕದ ಕನ್ನಡವಾದರೆ. ಮೇಲಿನ ಪತ್ರದ ಪ್ರಯೋಗದಲ್ಲೇ "ಜ್ವರಕ್ಕೆ ಕೂತ ಹುಳು" ಎಂದು ಬರೆದಿದ್ದೆ. ಪೊರೆ ಕಳಚುವ ಮುನ್ನ ಹುಳು ಮೇವು ಬಿಟ್ಟು ತಲೆಯೆತ್ತಿ ನಿಶ್ಚಲವಾಗಿ ಕೂರುವುದಕ್ಕೆ ನಮ್ಮ ಕಡೆ ಇರುವ ಮಾತು ಅದು. ಉಪಕರಣ ಕೊಟ್ಟದ್ದು ಕಂಬಳಿ ಹೊದ್ದು, ಹಣೆಗೆ ಒದ್ದೆಬಟ್ಟೆ ಹಾಕಿಕೊಂಡು ಮಲಗಿದ ಹುಳುವನ್ನು. ಕನ್ನಡ ಅದಕ್ಕೆ ತಿಳಿಯಲಿಲ್ಲವೆನ್ನಲು ಬರುವುದಿಲ್ಲ, ಪದಕ್ಕೆ ಪದ ಸರಿಯಾಗಿಯೇ ತಿಳಿದಿದೆ. ಕಸುಬಿನ ಮಾತು ತಿಳಿದಿಲ್ಲ. ಆದ್ದರಿಂದ ತಾವು "ನಾಟಿ", "ಗುಣಿ", "ಕೂರಿಗೆ" ಎಂದೆಲ್ಲ ಬರೆಯುವ ಬದಲು ಕಣ್ಣಿಗೆ ಕಾಣುವುದನ್ನು ಬಿಡಿಸಿ ಬರೆಯಿರಿ: ಕೆಂಪು ಮಣ್ಣು, ಎಷ್ಟು ದೂರಕ್ಕೆ ಒಂದು ಸಸಿ, ರೈತನ ವಯಸ್ಸು, ಹೆಗಲ ಮೇಲಿನ ಟವೆಲ್, ಬೆಳಗಿನ ಬಿಸಿಲೋ ಸಂಜೆಯದೋ.

ಬೋರ್ಡಿನ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ನಾವು ಫೋನಿನಲ್ಲಿ ಕನ್ನಡ ಟೈಪ್ ಮಾಡುವಾಗ ಅಕ್ಷರ ಅಕ್ಷರವಾಗಿಯೇ ಬರುತ್ತದೆ. ಇಲ್ಲಿ ಅಕ್ಷರವೂ ಎಲೆ, ಕಲ್ಲುಗಳ ಹಾಗೆ ಒಂದು ಆಕಾರ ಮಾತ್ರ. ಇಂಗ್ಲಿಷ್ ಬೋರ್ಡುಗಳನ್ನು ಅದು ಅಪಾರವಾಗಿ ನೋಡಿರುವುದರಿಂದ ಹೇಗೋ ನಿಭಾಯಿಸುತ್ತದೆ, ಕನ್ನಡದ ಒತ್ತಕ್ಷರ ಬಂದ ಕೂಡಲೇ ಕೈಚೆಲ್ಲುತ್ತದೆ. ನನಗೆ ಸಿಕ್ಕ ಒಂದು ಬೋರ್ಡು ದೂರಕ್ಕೆ ಕನ್ನಡದಂತೆ, ಹತ್ತಿರಕ್ಕೆ ತೆಲುಗಿನಂತೆ ಕಂಡು, ಓದಲು ಹೊರಟರೆ ಎರಡೂ ಅಲ್ಲವಾಗಿತ್ತು. ಬೋರ್ಡನ್ನು ಖಾಲಿ ಬಿಡುವಂತೆ ಬರೆದು, ಆಮೇಲೆ ಫೋನಿನ ಎಡಿಟಿಂಗ್ ಆ್ಯಪಿನಲ್ಲಿ ಹೆಸರನ್ನು ತಾವೇ ಸೇರಿಸಿಕೊಳ್ಳಿ.

ಮಾತಿನ ಬಗ್ಗೆ ಹೇಳುವುದಾದರೆ, ಮೊದಮೊದಲು ಈ ಉಪಕರಣಗಳು ಕೊಡುತ್ತಿದ್ದದ್ದು ಬಹುತೇಕ ಮೂಕಿ ವಿಡಿಯೊಗಳನ್ನೇ. 2025ರ ಮೇ ತಿಂಗಳಲ್ಲಿ ಗೂಗಲ್ ಪ್ರಕಟಿಸಿದ 'ವಿಯೊ 3' ಚಿತ್ರದ ಜೊತೆಯಲ್ಲೇ ಸದ್ದು ಮತ್ತು ಮಾತುಗಳನ್ನೂ ಹುಟ್ಟಿಸತೊಡಗಿತು. ಈಗ ಬೇರೆ ಕೆಲವೂ ಹಾಗೆ ಮಾಡುತ್ತವೆ. ಕನ್ನಡವನ್ನೂ ಆಡಿಸಬಹುದು, ಆದರೆ ನಾನು ಕೇಳಿದ ತುಣುಕುಗಳಲ್ಲಿ ಹೊಲದಲ್ಲಿ ನಿಂತ ರೈತ ವಾರ್ತೆ ಓದಿದ ಹಾಗೆ ಮಾತಾಡುತ್ತಿದ್ದ, 'ಳ'ಕಾರ ಎಲ್ಲೆಲ್ಲೋ ಜಾರುತ್ತಿತ್ತು. ನಾಲ್ಕು ಮಾತಿಗೊಂದು ತೆಲುಗು ಬೆರೆಸುವ ಗೌರಿಬಿದನೂರಿನ ಗಿರಾಕಿಗಳ ಕಿವಿಗೆ ಅದು ನಗೆಪಾಟಲಾದೀತು. ದೃಶ್ಯದ ಮೇಲೆ ತಮ್ಮದೇ ದನಿಯನ್ನು ರೆಕಾರ್ಡ್ ಮಾಡಿ ಸೇರಿಸಿ. ಅಂಗಡಿಯವರ ದನಿ ಊರಿಗೆಲ್ಲ ಪರಿಚಯವಿರುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ತಾವು ಮಾರುವ ಬೀಜದ ಬೆಳೆ ಎಂದು ಯಂತ್ರ ಹುಟ್ಟಿಸಿದ ಟೊಮೆಟೊ ತೋಟವನ್ನು ತೋರಿಸಬೇಡಿ. ಆ ಗಿಡದಲ್ಲಿ ಎಲೆಗಿಂತ ಹಣ್ಣೇ ಹೆಚ್ಚಿರುತ್ತದೆ, ಇಳುವರಿ ಬಾರದಿದ್ದಾಗ ರೈತ ಅದನ್ನೇ ತಮ್ಮ ಮುಂದೆ ಹಿಡಿಯುತ್ತಾನೆ.

ಪ್ರಶ್ನೆ: ಬಂಗಾರಪೇಟೆಯ ನಿವೃತ್ತ ನೌಕರ ನಾನು. ಕೆಜಿಎಫ್ ಗಣಿ ಮತ್ತೆ ತೆರೆದಿದೆ, ಗೋಡೆಯಿಂದ ಚಿನ್ನದ ಗಟ್ಟಿಗಳು ಉದುರುತ್ತಿವೆ ಎಂಬ ವಿಡಿಯೊ ವಾಟ್ಸ್‌ಆ್ಯಪಿನಲ್ಲಿ ಬಂತು. ಕೊನೆಯಲ್ಲಿ ಷೇರು ಕೊಳ್ಳಲು ಒಂದು ಲಿಂಕ್ ಇತ್ತು. ನನ್ನ ಮಗ ಇದು ಎಐ ಎನ್ನುತ್ತಾನೆ. ಕಂಡುಹಿಡಿಯುವುದು ಹೇಗೆ?

ಉತ್ತರ: ಮಗನ ಮಾತು ಕೇಳಿ, ಲಿಂಕನ್ನು ಮುಟ್ಟಬೇಡಿ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ದೂರಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ.

ಬೆರಳು ಎಣಿಸಿ, ರೆಪ್ಪೆ ಮಿಟುಕುತ್ತದೆಯೆ ನೋಡಿ ಎಂಬ ಸಲಹೆಗಳನ್ನು ತಾವು ಓದಿರಬಹುದು. ಅವು ಕೆಲವು ವರ್ಷಗಳ ಹಿಂದಿನ ಉಪಕರಣಗಳಿಗೆ ಸರಿಯಾಗಿದ್ದವು, ಈಗ ಅವನ್ನೇ ನಂಬಿಕೊಂಡರೆ ಮೋಸಹೋಗುತ್ತೇವೆ. ನಾನು ಮೊದಲು ನೋಡುವುದು ದೃಶ್ಯಗಳ ಅಳತೆಯನ್ನು. ಪ್ರತಿ ಎಂಟೋ ಹತ್ತೋ ಸೆಕೆಂಡಿಗೆ ದೃಶ್ಯ ಕತ್ತರಿಸಿ, ಪ್ರತಿ ಸಲವೂ ಗಣಿಗಾರನ ಹೆಲ್ಮೆಟ್ಟೋ ಮುಖವೋ ಸ್ವಲ್ಪ ಬದಲಾಗಿದ್ದರೆ ಅನುಮಾನಿಸಲು ಅದು ಸಾಕು. ಆದರೆ ತಮ್ಮ ವಿಡಿಯೊವನ್ನು ಹಿಡಿಯಲು ಕಣ್ಣಿಗಿಂತ ತಮ್ಮ ಊರಿನ ತಿಳಿವಳಿಕೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕೆಜಿಎಫ್‌ನಲ್ಲಿ ಚಿನ್ನ ಗಟ್ಟಿಯಾಗಿ ಉದುರಿದ್ದು ಯಾವಾಗ? ಬಿಳಿಗಲ್ಲಿನ ಪದರದಲ್ಲಿ ಬಹುಪಾಲು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿದ್ದ ಚಿನ್ನವನ್ನು, ಮೂರು ಕಿಲೋಮೀಟರಿಗೂ ಹೆಚ್ಚು ಆಳದವರೆಗೆ ಇಳಿದು ಅದಿರು ಎತ್ತಿ, ಪುಡಿಮಾಡಿ, ಸಯನೈಡಿನಲ್ಲಿ ಕರಗಿಸಿ ಬೇರ್ಪಡಿಸುತ್ತಿದ್ದರು. ಆ ಪುಡಿಯೇ ಇಂದಿಗೂ ಊರಿನ ಸುತ್ತ ಸಯನೈಡ್ ದಿಬ್ಬಗಳಾಗಿ ನಿಂತಿದೆ. ಅದಿರಿನಲ್ಲಿ ಸಿಗುವ ಚಿನ್ನ ತೀರ ಕಡಿಮೆಯಾಗಿ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗೋಡೆಯಿಂದ ಉದುರುವ ಗಟ್ಟಿಗಳು ಉಪಕರಣಕ್ಕೆ ಬೇರೆ ಯಾವುದೋ ದೇಶದ ಸಾಹಸ ಚಿತ್ರಗಳಿಂದ ಬಂದಿರಬೇಕು.

ಕೆಲವು ಕಂಪನಿಗಳು ತಮ್ಮ ಉಪಕರಣದಿಂದ ಹೊರಬೀಳುವ ವಿಡಿಯೊಗಳಲ್ಲಿ ಗುರುತು ಸೇರಿಸುತ್ತವೆ. ಗೂಗಲ್‌ನ 'ಸಿಂಥ್‌ಐಡಿ' ಚಿತ್ರದೊಳಗೇ ಕಣ್ಣಿಗೆ ಕಾಣದಂತೆ ಬೆರೆತಿರುತ್ತದೆ. ಕಡತದ ಜೊತೆಗೆ ಅಂಟಿಸಿದ ಮಾಹಿತಿಯ ರೂಪದಲ್ಲಿರುವ ಗುರುತುಗಳಾದರೆ ಒಬ್ಬರಿಂದೊಬ್ಬರಿಗೆ ಫಾರ್ವರ್ಡ್ ಆಗುವಷ್ಟರಲ್ಲಿ ಕಳಚಿಹೋಗುವುದೇ ಹೆಚ್ಚು. ಗುರುತು ಸಿಕ್ಕರೆ ಅದು ಯಂತ್ರದ್ದೆಂದು ಬಹುಮಟ್ಟಿಗೆ ಖಚಿತ; ಸಿಗದಿದ್ದರೆ ನಿಜವೆಂದು ಅರ್ಥವಲ್ಲ.

ಪ್ರಶ್ನೆ: ನಮ್ಮ ತಾಯಿ ತೀರಿಕೊಂಡು ವರ್ಷವಾಗುತ್ತ ಬಂತು. ವರ್ಷಾಬ್ದಿಕದ ದಿನ ನೆಂಟರಿಗೆ ತೋರಿಸಲು ಅವರ ಒಂದು ಫೋಟೊವನ್ನು ಕೊಟ್ಟು, ಅವರು ನಕ್ಕು "ಎಲ್ಲರೂ ಚೆನ್ನಾಗಿರಿ" ಎನ್ನುವಂತೆ ಮಾಡಿಸಬೇಕೆಂದು ತಮ್ಮನ ಆಸೆ. ಅಕ್ಕನಿಗೆ ಇಷ್ಟವಿಲ್ಲ. ತಿಪಟೂರಿನಿಂದ ಬರೆಯುತ್ತಿದ್ದೇನೆ, ತಮ್ಮ ಅಭಿಪ್ರಾಯ ತಿಳಿಸಿ.

ಉತ್ತರ: ತಾಂತ್ರಿಕವಾಗಿ ಇದು ಹತ್ತು ನಿಮಿಷದ ಕೆಲಸ. ಆದರೆ ಫೋಟೊದಲ್ಲಿರುವುದು ತಾಯಿಯವರ ಒಂದು ಕ್ಷಣದ ಮುಖ ಮಾತ್ರ. ಅವರು ನಗುವಾಗ ಯಾವ ಕೆನ್ನೆ ಮೊದಲು ಮೇಲೇಳುತ್ತಿತ್ತು, ಹಲ್ಲು ಎಷ್ಟು ಕಾಣುತ್ತಿತ್ತು ಎಂಬುದು ಅದರಲ್ಲಿಲ್ಲ. ಅದನ್ನು ಉಪಕರಣ ತಾನು ಕಂಡ ಬೇರೆಯವರ ಮುಖಗಳಿಂದ ತುಂಬುತ್ತದೆ. ನನ್ನ ಪರಿಚಯದವರೊಬ್ಬರು ತಮ್ಮ ತಂದೆಯ ಫೋಟೊಕ್ಕೆ ಹೀಗೆ ಮಾಡಿಸಿದ್ದರು. ಮೊದಲ ಎರಡು ಸೆಕೆಂಡು ಮನೆಯವರೆಲ್ಲ ಕಣ್ಣೀರಿಟ್ಟರು, ಮೂರನೆಯ ಸೆಕೆಂಡಿನಲ್ಲಿ ಅವರ ತಾಯಿ "ಇವರ್ಯಾರು?" ಎಂದು ಕೇಳಿ ಎದ್ದುಹೋದರು. ಅನಂತರ ಆ ಫೋಟೊ ನೋಡಿದಾಗಲೆಲ್ಲ ಆ ಅಪರಿಚಿತನ ನಗುವೇ ನೆನಪಾಗುತ್ತದೆಂದು ಅವರು ಹೇಳುತ್ತಾರೆ.

ಅಕ್ಕನವರು ಒಪ್ಪದೆ ಮಾಡಿಸಬೇಡಿ. ತಾಯಿಯ ಮುಖದ ಮೇಲೆ ಮೂವರಿಗೂ ಸಮಾನ ಹಕ್ಕಿದೆ. ಆಡದ ಮಾತನ್ನು ಆಡಿಸುವುದಂತೂ ನನಗೆ ಸರಿಕಾಣುವುದಿಲ್ಲ. ತಮ್ಮನವರ ಆಸೆಯನ್ನೂ ಉಳಿಸಬೇಕೆಂದಿದ್ದರೆ, ಮುಖ ಕಾಣದ ದೃಶ್ಯವೊಂದನ್ನು ಮಾಡಿಸಬಹುದು: ಅವರು ಕುಳಿತುಕೊಳ್ಳುತ್ತಿದ್ದ ಜಗುಲಿಯ ಫೋಟೊ, ಆಚೆ ತೆಂಗಿನ ಗರಿಗಳ ನೆರಳು ಗಾಳಿಗೆ ಅಲುಗಾಡುವುದು, ಅಷ್ಟೇ. ಅದರ ಮೇಲೆ ಯಾರದಾದರೂ ಫೋನಿನಲ್ಲಿ ಉಳಿದಿರುವ ಅವರ ನಿಜವಾದ ದನಿಯನ್ನು ಸೇರಿಸಿ. ಹಳೆಯ ವಾಟ್ಸ್‌ಆ್ಯಪ್ ಧ್ವನಿಸಂದೇಶಗಳನ್ನು ಇಂದೇ ಹುಡುಕಿ ಬೇರೆಡೆ ಉಳಿಸಿಕೊಳ್ಳಿ. ಫೋನ್ ಬದಲಾಯಿಸಿದಾಗ ಅವು ಕಳೆದುಹೋಗಬಹುದು.

ಪ್ರಶ್ನೆ: ತುಮಕೂರಿನಲ್ಲಿ ಓದುತ್ತಿರುವ ವಿದ್ಯಾರ್ಥಿ. ಪುಕ್ಕಟೆಯಾಗಿ ಕಲಿಯಲು ಸಾಧ್ಯವೆ?

ಉತ್ತರ: ಕಲಿಯುವಷ್ಟು ಸಾಧ್ಯ. ಹಲವು ಸೇವೆಗಳು ಆರಂಭದಲ್ಲಿ ಕೆಲವು ಕ್ರೆಡಿಟ್‌ಗಳನ್ನು ಉಚಿತವಾಗಿ ಕೊಡುತ್ತವೆ. ತುಣುಕು ಚೆನ್ನಾಗಿ ಬಂದರೂ ಕೆಟ್ಟುಬಂದರೂ ಕ್ರೆಡಿಟ್ ಕಳೆಯುತ್ತದೆ, ಆದ್ದರಿಂದ ವಾಕ್ಯವನ್ನು ಮೊದಲು ಕಾಗದದ ಮೇಲೆ ಬರೆದು ತಿದ್ದಿ. ಸಾಧ್ಯವಿರುವ ಕಡೆ ಮೊದಲು ಒಂದು ಸ್ಥಿರಚಿತ್ರ ಮಾಡಿಸಿ ನೋಡಿ. ಅದಕ್ಕೆ ತಗಲುವುದು ಕಡಿಮೆ, ಅದು ಸರಿಯಾದ ಮೇಲೆ ಚಲನೆ ಕೊಡಿಸಬಹುದು. ಲೆಕ್ಕಾಚಾರವೆಲ್ಲ ಕಂಪನಿಯ ಕಂಪ್ಯೂಟರುಗಳಲ್ಲೇ ನಡೆಯುವುದರಿಂದ ದುಬಾರಿ ಫೋನು ಬೇಕಾಗಿಲ್ಲ.

ಒಂದು ತಿಂಗಳಿಗೆಂದು ಹಣ ಕಟ್ಟುವಾಗ ಪ್ರತಿ ತಿಂಗಳೂ ತಾನಾಗಿಯೇ ಹಣ ಕಡಿತವಾಗುವ ಯುಪಿಐ ಆಟೋಪೇಗೆ ಒಪ್ಪಿಗೆ ಕೊಟ್ಟಿರುತ್ತೇವೆಂಬುದು ಮರೆತುಹೋಗುತ್ತದೆ. ನಾನೂ ಮರೆತು, ಬಳಸದ ಸೇವೆಯೊಂದಕ್ಕೆ ಮೂರು ತಿಂಗಳು ಹಣ ತೆತ್ತಿದ್ದೇನೆ. ಫೋನಿನಿಂದ ಆ್ಯಪನ್ನು ಅಳಿಸಿದ್ದರಿಂದ ಎಲ್ಲ ಮುಗಿಯಿತೆಂದು ಭಾವಿಸಿದ್ದೆ. ಆ್ಯಪ್ ಅಳಿಸಿದರೆ ಆಟೋಪೇ ನಿಲ್ಲುವುದಿಲ್ಲ. ಹಣ ಕಟ್ಟಿದ ಯುಪಿಐ ಆ್ಯಪಿನೊಳಗೆ ಆಟೋಪೇ ಎಂಬ ಭಾಗಕ್ಕೆ ಹೋಗಿ, ಅಲ್ಲಿಂದ ರದ್ದು ಮಾಡಬೇಕು.